ಮಿಣುಕು ದೀಪಗಳನ್ನು ದಿನಬಳಕೆಗೆ ತರುವುದು ಹೇಗೆ?

ಜಾತ್ರೆಯ ಬೀದಿಯಲ್ಲಿ, ಗಣೇಶನ ಮೆರವಣಿಗೆಯಲ್ಲಿ, ಹುಟ್ಟುಹಬ್ಬದ ಅಲಂಕಾರ ಸಾಮಗ್ರಿಯ ಅಂಗಡಿಗಳಲ್ಲಿ ಬೆರಳಿಗೆ ತೊಡುವ, ಅಂಗಿಗೆ ಚುಚ್ಚಿಕೊಳ್ಳುವ, ಬಲೂನಿನೊಳಗೆ ಹಾಕುವ ಪುಟ್ಟ ಮಿಣುಕು ದೀಪಗಳು ಅಗ್ಗದ ಬೆಲೆಗೆ ಸಿಗುತ್ತವೆ. ಮಕ್ಕಳು ಒಂದು ಸಂಜೆ ಆಡಿದ ಮೇಲೆ ಅವು ಮೇಜಿನ ಖಾನೆ ಸೇರಿ, ಸೆಲ್ ಸತ್ತುಹೋಗುವ ತನಕ ಅಲ್ಲಿಯೇ ಬಿದ್ದಿರುತ್ತವೆ. ಈ ದೀಪದ ಬೆಳಕಿನಲ್ಲಿ ಓದಲಾಗದು, ದಾರಿ ಹುಡುಕಲೂ ಆಗದು. ಆದರೆ ಕತ್ತಲಲ್ಲಿ ಬಲು ದೂರದಲ್ಲಿರುವವರಿಗೂ ‘ಇಲ್ಲೊಬ್ಬರಿದ್ದಾರೆ’ ಎಂದು ಅದು ತಿಳಿಸಬಲ್ಲದು. ಆದ್ದರಿಂದ ನಾವು ನೋಡಬೇಕಾದ ಕಡೆ ಟಾರ್ಚ್ ಹಿಡಿಯಬೇಕು, ನಾವು ಇತರರಿಗೆ ಕಾಣಬೇಕಾದ ಕಡೆ ಮಿಣುಕು ದೀಪ ಕಟ್ಟಬೇಕು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ದೀಪವನ್ನು ನೀವೇ ಸಿದ್ಧಪಡಿಸುವ ಕ್ರಮ

ಕೊಂಡ ದೀಪವನ್ನೇ ಬಳಸಬಹುದಾದರೂ, ಒಮ್ಮೆ ಕೈಯಾರೆ ಮಾಡಿ ನೋಡಿದರೆ ಅದರ ಕೆಲಸ ಅರ್ಥವಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ತಾನಾಗಿಯೇ ಮಿನುಗುವ ಎಲ್‌ಇಡಿಗಳು ಸಿಗುತ್ತವೆ. ಮಿನುಗಿಸುವ ಚಿಪ್ ಎಲ್‌ಇಡಿಯೊಳಗೇ ಅಡಗಿರುವುದರಿಂದ ಬೇರೆ ಸರ್ಕ್ಯೂಟ್ ಬೇಕಾಗಿಲ್ಲ. ಜೊತೆಗೆ ಸಿಆರ್2032 ಎಂಬ, 20 ಮಿಲಿಮೀಟರ್ ಅಗಲದ 3 ವೋಲ್ಟ್ ಸೆಲ್ ಒಂದಿದ್ದರೆ ಸಾಕು.

ಎಲ್‌ಇಡಿಯ ಎರಡು ಕಾಲುಗಳಲ್ಲಿ ಉದ್ದನೆಯದು ಪ್ಲಸ್. ಸೆಲ್ಲಿನ ಅಗಲವಾದ, ಅಕ್ಷರಗಳು ಕೊರೆದಿರುವ ಮುಖವೂ ಪ್ಲಸ್. ಸೆಲ್ಲನ್ನು ಎರಡು ಕಾಲುಗಳ ನಡುವೆ ಸಿಕ್ಕಿಸಿ, ಉದ್ದನೆಯ ಕಾಲು ಆ ಮುಖಕ್ಕೆ ತಾಗುವಂತೆ ಒತ್ತಿದರೆ ದೀಪ ಹೊತ್ತುತ್ತದೆ. ಹೊತ್ತದಿದ್ದರೆ ಸೆಲ್ಲನ್ನು ಮಗುಚಿ ಹಾಕಬೇಕು. ಬಳಿಕ ಒಂದು ಕಾಲಿಗೂ ಸೆಲ್ಲಿಗೂ ನಡುವೆ ದಪ್ಪ ಪ್ಲಾಸ್ಟಿಕ್ಕಿನ ಕಿರಿದಾದ ಪಟ್ಟಿಯೊಂದನ್ನು ತೂರಿಸಿ, ಅದರ ತುದಿ ಹೊರಗೆ ಉಳಿಯುವಂತೆ ಇನ್ಸುಲೇಶನ್ ಟೇಪನ್ನು ಬಿಗಿಯಾಗಿ ಸುತ್ತಬೇಕು. ಪಟ್ಟಿ ಎಳೆದರೆ ದೀಪ ಹೊತ್ತುತ್ತದೆ, ಮತ್ತೆ ತೂರಿಸಿದರೆ ಆರುತ್ತದೆ, ಅದೇ ಸ್ವಿಚ್ಚು.

ಒಂದೇ ಸೆಲ್ಲಿಗೆ ಕೆಂಪು ಮತ್ತು ಬಿಳಿ ಎಲ್‌ಇಡಿಗಳನ್ನು ಒಟ್ಟಿಗೆ ಸಿಕ್ಕಿಸಿದರೆ ಕೆಂಪು ಮಾತ್ರ ಉರಿಯುತ್ತದೆ, ಬಿಳಿಯದು ಮಂಕಾಗುತ್ತದೆ ಅಥವಾ ಹೊತ್ತುವುದೇ ಇಲ್ಲ. ಸಾಮಾನ್ಯ ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಬಿಳಿ ಮತ್ತು ನೀಲಿಗೆ ಸುಮಾರು 3 ವೋಲ್ಟ್ ಬೇಕು. ಕೆಂಪಿನದು ವೋಲ್ಟೇಜನ್ನು ಕೆಳಗೆ ಎಳೆದುಬಿಡುವುದರಿಂದ ಬಿಳಿಯದಕ್ಕೆ ಬೇಕಾದಷ್ಟು ದೊರೆಯುವುದಿಲ್ಲ. ಸೆಲ್ ಹಳತಾಗುತ್ತಾ ಬಂದಂತೆ ಬಿಳಿ ದೀಪ ಬೇಗ ಮಸುಕಾಗುವುದಕ್ಕೂ ಅದಕ್ಕೆ ಹೆಚ್ಚು ವೋಲ್ಟೇಜ್ ಬೇಕಿರುವುದೇ ಕಾರಣ. ಹೆಚ್ಚು ಕಾಲ ಬಾಳಬೇಕಾದ ದೀಪಕ್ಕೆ ಕೆಂಪನ್ನೇ ಆರಿಸುವುದು ಜಾಣತನ.

ಮಳೆಗಾಲದಲ್ಲಿ ಬಳಸುವುದಾದರೆ ಇಡೀ ದೀಪವನ್ನು ತಿರುಪು ಮುಚ್ಚಳದ ಪಾರದರ್ಶಕ ಮಾತ್ರೆ ಡಬ್ಬಿಯೊಳಗೆ ಇಟ್ಟು ಮುಚ್ಚಬೇಕು. ಟೇಪಿನ ಸಂದಿಯಲ್ಲಿ ನೀರು ಹೊಕ್ಕರೆ ಕಾಲುಗಳಿಗೆ ತುಕ್ಕು ಹಿಡಿಯುತ್ತದೆ.

ರಸ್ತೆಯಲ್ಲಿ ಕಾಣಿಸಿಕೊಳ್ಳಲು

ಈ ದೀಪಗಳ ಅತ್ಯುತ್ತಮ ಉಪಯೋಗ ಇರುವುದು ಇಲ್ಲಿಯೇ. ಬೆಳಗಿನ ಜಾವ ಡೇರಿಗೆ ಹಾಲು ಒಯ್ಯುವವರು, ಪತ್ರಿಕೆ ಹಂಚುವ ಹುಡುಗರು, ಬೀದಿದೀಪವಿಲ್ಲದ ರಸ್ತೆಯಲ್ಲಿ ಟ್ಯೂಷನ್ ಮುಗಿಸಿ ಸೈಕಲ್ಲಿನಲ್ಲಿ ಮರಳುವ ಮಕ್ಕಳು ವಾಹನ ಚಾಲಕರ ಕಣ್ಣಿಗೆ ಬೀಳುವುದು ತೀರಾ ಹತ್ತಿರ ಬಂದ ಮೇಲೆಯೇ. ಸೈಕಲ್ಲಿಗೆ ಕೆಂಪು ದೀಪವನ್ನು ಹಿಂಬದಿಗೂ ಬಿಳಿ ದೀಪವನ್ನು ಮುಂಬದಿಗೂ ಕಟ್ಟಬೇಕು. ಹಿಂದಿನ ದೀಪವನ್ನು ಕ್ಯಾರಿಯರಿನ ಮೇಲೆ ಕಟ್ಟಿದರೆ ಶಾಲೆಯ ಚೀಲ ಅದನ್ನು ಮುಚ್ಚಿಬಿಡುತ್ತದೆ. ಹಿಂಬದಿಯ ಮಡ್‌ಗಾರ್ಡಿಗೆ, ಹಿಂದೆ ಬರುವವರಿಗೆ ನೇರವಾಗಿ ಕಾಣುವಂತೆ ಕಟ್ಟಬೇಕು. ಎಲ್‌ಇಡಿಯ ಬೆಳಕು ಮುಂದಕ್ಕೆ ಕಿರಿದಾಗಿ ಚಿಮ್ಮುವುದರಿಂದ, ಸ್ವಲ್ಪ ಓರೆಯಾದರೂ ಕಾಣಬೇಕಾದವರಿಗೆ ಕಾಣುವುದಿಲ್ಲ. ಕಟ್ಟಿದ ಮೇಲೆ ಯಾರನ್ನಾದರೂ ಐವತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ಕಾಣುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ನಡೆದು ಹೋಗುವವರು ದೀಪವನ್ನು ಎದೆಗೆ ಅಥವಾ ಬೆನ್ನಿಗೆ ಸಿಕ್ಕಿಸಿಕೊಳ್ಳುವುದು ವಾಡಿಕೆ. ಅದಕ್ಕಿಂತಲೂ ಕಣಕಾಲಿಗೆ ಅಥವಾ ಮಣಿಕಟ್ಟಿಗೆ ಕಟ್ಟಿಕೊಳ್ಳುವುದು ಮೇಲು. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕತ್ತಲಲ್ಲಿ ದೇಹದ ಕೀಲುಗಳ ಜಾಗದಲ್ಲಿ ಬೆಳಕಿನ ಚುಕ್ಕೆಗಳಷ್ಟೇ ಚಲಿಸುತ್ತಿದ್ದರೂ ನೋಡುಗರು ಅದು ನಡೆಯುತ್ತಿರುವ ಮನುಷ್ಯ ಎಂದು ಕೂಡಲೇ ಗುರುತಿಸುತ್ತಾರೆಂದು ತೋರಿಸಿತು. ಬೆನ್ನಿನ ಮೇಲಿನ ಒಂಟಿ ದೀಪ ಕಂಬದ್ದೂ ಆಗಿರಬಹುದು, ಗೇಟಿನದೂ ಆಗಿರಬಹುದು. ಹೆಜ್ಜೆಗೊಮ್ಮೆ ಮೇಲೆ ಕೆಳಗೆ ಆಡುವ ದೀಪದಲ್ಲಿ ಆ ಸಂದೇಹ ಕಡಿಮೆ.

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆಯ ರಸ್ತೆಗಳಲ್ಲಿ ಸಂಚರಿಸಿದವರಿಗೆ ಹಿಂದೀಪವಿಲ್ಲದ ಟ್ರ್ಯಾಲಿಗಳ ಭಯ ಗೊತ್ತಿದೆ. ಹಿಂದೀಪಕ್ಕೂ ಪ್ರತಿಫಲಕ ಪಟ್ಟಿಗೂ ಮಿಣುಕು ದೀಪ ಬದಲಿಯಲ್ಲ. ಆದರೆ ಕೆಟ್ಟು ನಿಂತ ಟ್ರ್ಯಾಲಿಯ ಹಿಂದೆ ಕಲ್ಲು, ಸೊಪ್ಪು ಇಡುವ ರೂಢಿಯಿದೆಯಲ್ಲ, ಆ ಕಲ್ಲುಗಳು ರಾತ್ರಿ ಯಾರಿಗೂ ಕಾಣುವುದಿಲ್ಲ, ಟ್ರ್ಯಾಲಿ ಹೊರಟ ಮೇಲೂ ಅಲ್ಲೇ ಉಳಿದು ಬೈಕ್ ಸವಾರರನ್ನು ಬೀಳಿಸುತ್ತವೆ. ಅದರ ಬದಲು ಎಚ್ಚರಿಕೆಯ ತ್ರಿಕೋನವನ್ನು ಇಟ್ಟು, ಹೇರಿನ ಹಿಂಬದಿಯ ಎರಡೂ ಅಂಚುಗಳಿಗೆ ಕೆಂಪು ಮಿಣುಕು ದೀಪಗಳನ್ನು ಸಿಕ್ಕಿಸಿದರೆ ಹೇರಿನ ಅಗಲವೂ ತಿಳಿಯುತ್ತದೆ. ಕೆಂಪು ಮತ್ತು ನೀಲಿಯನ್ನು ಬೆರೆಸಿ ಮಿನುಗಿಸುವ ದೀಪಗಳನ್ನು ಮಾತ್ರ ವಾಹನಗಳಿಗೆ ಹಾಕಬಾರದು. ಅವು ತುರ್ತು ಸೇವೆಯ ವಾಹನಗಳ ಗುರುತು.

ಸಾಕುನಾಯಿಯನ್ನು ಸಂಜೆ ತಿರುಗಾಡಿಸುವಾಗ ಕೊರಳ ಪಟ್ಟಿಗೆ ದೀಪ ಕಟ್ಟಬಹುದು, ಮನೆಗೆ ಬಂದೊಡನೆ ಬಿಚ್ಚಿಡಬೇಕು. ದನಗಳಿಗೆ ಕಟ್ಟುವುದು ಬೇಡ. ಒಂದರ ಕೊರಳನ್ನು ಇನ್ನೊಂದು ನೆಕ್ಕುವಾಗ ಸೆಲ್ ಹೊಟ್ಟೆ ಸೇರುವ ಅಪಾಯವಿದೆ. ಅವುಗಳ ಕೊಂಬಿಗೆ ರೇಡಿಯಂ ಪಟ್ಟಿ ಅಂಟಿಸುವುದೇ ಸರಿ.

ಮನೆಯಲ್ಲಿ

ದೀಪಾವಳಿಗೆ ಮಕ್ಕಳು ಮಾಡುವ ಚಿಕ್ಕ ಆಕಾಶಬುಟ್ಟಿಗೆ, ಕರಾವಳಿಯವರ ಗೂಡುದೀಪಕ್ಕೆ, ವೈರು ಎಳೆಯದೆ ಬೆಳಕು ಕೊಡಲು ಈ ದೀಪ ಚೆನ್ನಾಗಿ ಒದಗುತ್ತದೆ. ಇಲ್ಲಿ ಪಟಪಟನೆ ಮಿನುಗುವುದಕ್ಕಿಂತ ನಿಧಾನವಾಗಿ ಬಣ್ಣ ಬದಲಿಸುವ ಎಲ್‌ಇಡಿ ಅಂದ. ಮೊದಲು ಎಲ್‌ಇಡಿಯ ತುದಿಯನ್ನು ಸ್ಯಾಂಡ್ ಪೇಪರಿನಿಂದ ಮಂಜುಗಟ್ಟಿದ ಹಾಗೆ ಕಾಣುವವರೆಗೆ ಉಜ್ಜಬೇಕು. ಆಗ ಬೆಳಕು ಒಂದೇ ಕಡೆ ಚುಚ್ಚದೆ ಸುತ್ತಲೂ ಹರಡುತ್ತದೆ. ಅನಂತರ ಬಿದಿರು ಕಡ್ಡಿಗಳು ಕೂಡುವ ನಡುಭಾಗದಲ್ಲಿ ಅದನ್ನು ಕೆಳಮುಖವಾಗಿ ಕಟ್ಟಿ, ತಳಕ್ಕೆ ಬಿಳಿ ಕಾಗದ ಹಾಕಿದರೆ ಬೆಳಕು ಮರಳಿ ಚಿಮ್ಮಿ ಬಣ್ಣದ ಕಾಗದವೆಲ್ಲ ಬೆಳಗುತ್ತದೆ.

ರೈಲಿನಲ್ಲಿ ರಾತ್ರಿ ಪ್ರಯಾಣಿಸುವಾಗ ಸೀಟಿನ ಕೆಳಗಿನ ಚೀಲಕ್ಕೆ, ಅಂಗಳದ ಚಪ್ಪರದ ಹಗ್ಗ ಎಡವದಂತೆ ಅದರ ಗೂಟಕ್ಕೆ ಸಿಕ್ಕಿಸುವುದೂ ಉಪಯುಕ್ತವೇ. ಕರೆಂಟು ಹೋದಾಗ ಟಾರ್ಚ್ ಎಲ್ಲಿದೆಯೆಂದು ತಿಳಿಯಲು ಕೆಲವರು ಅದರ ಪಕ್ಕ ಮಿಣುಕು ದೀಪವನ್ನು ಸದಾ ಉರಿಯಬಿಡುತ್ತಾರೆ. ಅದು ಸೆಲ್ಲಿಗೆ ದಂಡ. ಸಿಆರ್2032ರ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್ ಗಂಟೆ. ದೀಪ ಸರಾಸರಿ 5 ಮಿಲಿಆಂಪಿಯರ್ ಎಳೆದರೆ ಎರಡು ದಿನ ತುಂಬುವ ಮೊದಲೇ ಅದು ಬರಿದಾಗುತ್ತದೆ. ಆ ಜಾಗಕ್ಕೆ ಕತ್ತಲಲ್ಲಿ ತಾನೇ ಹೊಳೆಯುವ ಸ್ಟಿಕ್ಕರ್ ಸಾಕು.

ಮರೆಯಬಾರದ ಎಚ್ಚರ

ಮಿಣುಕು ದೀಪದಲ್ಲಿ ನಿಜವಾಗಿ ಅಪಾಯಕಾರಿಯಾದುದು ಅದರ ಸೆಲ್ಲು. ಸಿಆರ್2032ರಂತಹ ಅಗಲದ ಸೆಲ್ಲನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅಲ್ಲಿನ ತೇವದ ಮೂಲಕ ವಿದ್ಯುತ್ ಹರಿದು ಪ್ರಬಲ ಕ್ಷಾರ ಉಂಟಾಗುತ್ತದೆ. ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟಗಾಯವಾಗಬಲ್ಲದು. ಮಗು ಆರಂಭದಲ್ಲಿ ಏನೂ ಆಗದಂತೆ ಆಡಿಕೊಂಡಿರಬಹುದು, ಅಥವಾ ಜೊಲ್ಲು ಸುರಿಸುತ್ತಾ ಊಟ ಬೇಡವೆನ್ನಬಹುದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಎಕ್ಸ್-ರೇ ಮತ್ತು ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಒಯ್ಯಬೇಕು. ಅಂಥದೇ ಸೆಲ್ ಅಥವಾ ಅದರ ಪೊಟ್ಟಣವನ್ನು ವೈದ್ಯರಿಗೆ ತೋರಿಸಬೇಕು. ಮೂಗು, ಕಿವಿಯೊಳಗೆ ಸಿಕ್ಕಿದ ಸೆಲ್ಲಿಗೂ ಇಷ್ಟೇ ತುರ್ತು. ಐದಾರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ, ಸೆಲ್ಲಿನ ಖಾನೆಗೆ ಸ್ಕ್ರೂ ಇಲ್ಲದ ಯಾವ ದೀಪವನ್ನೂ ಇಡಲೇಬಾರದು ಎಂದು ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಮೂರ್ಛೆ ರೋಗವಿರುವ ಕೆಲವರಿಗೆ ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು ಸೆಳವು ತರಿಸಬಲ್ಲದು. ಸೆಕೆಂಡಿಗೆ ಒಂದೆರಡು ಬಾರಿ ಮಿನುಗುವುದನ್ನೇ ಆರಿಸಿದರೆ ಆ ಭಯ ಕಡಿಮೆ.

ಸತ್ತ ಸೆಲ್ಲಿನಲ್ಲಿಯೂ ಮಗುವಿಗೆ ಹಾನಿ ಮಾಡುವಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ತೆಗೆದೊಡನೆ ಎರಡೂ ಮುಖ ಮುಚ್ಚುವಂತೆ ಟೇಪ್ ಅಂಟಿಸಿ, ಎತ್ತರದಲ್ಲಿಟ್ಟ ಡಬ್ಬಿಯಲ್ಲಿ ಕೂಡಿಡಬೇಕು. ಕಸದ ಜೊತೆಗೂ ಬೆಂಕಿಗೂ ಹಾಕದೆ, ಡಬ್ಬಿ ತುಂಬಿದಾಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು.