ಪೀಕ್ ಹೋಯ್ತು, ಮಾತ್ರೆ ಎಲ್ಲಿ ಹೋಯ್ತು?

ದಾವಣಗೆರೆಯಲ್ಲಿ ಎಂಎಸ್ಸಿ ಓದುವಾಗ ನಾನು ಮಾಡಿದ ಪ್ರಾಜೆಕ್ಟ್ ಇದು: ನೀರಿನಲ್ಲಿ ಕರಗಿದ ಪ್ಯಾರಸಿಟಮಾಲನ್ನು ಕರೆಂಟ್ ಹರಿಸಿ ಒಡೆಯುವುದು. ನಾವು ನುಂಗಿದ ಮಾತ್ರೆಯಲ್ಲಿ ಸ್ವಲ್ಪ ಭಾಗ ಹಾಗೇ ಮೂತ್ರದಲ್ಲಿ ಹೊರಗೆ ಬರುತ್ತದೆ. ಉಳಿದ ಔಷಧಿಯನ್ನು ಸಿಂಕಿಗೆ ಸುರಿಯುವವರೂ ಇದ್ದಾರೆ. ಇಷ್ಟೊಂದು ಆಸ್ಪತ್ರೆಗಳಿರುವ ಊರು ನಮ್ಮದು. ಈ ಕೆಲಸ ಇಲ್ಲೇ ಆಗಬೇಕು ಅಂತ ನನಗೆ ತುಂಬಾ ಆಸೆ ಇತ್ತು.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಬೀಕರ್, ಡಿಸಿ ಪವರ್ ಸಪ್ಲೈ, ಸ್ಟರರ್, ಕ್ಯಾಥೋಡ್‌ಗೆ ಸ್ಟೀಲ್ ತಗಡು (ಕ್ಯಾಥೋಡ್ ಅಂದರೆ ಮೈನಸ್ ತುದಿ, ಆನೋಡ್ ಅಂದರೆ ಪ್ಲಸ್ ತುದಿ). ಆನೋಡ್‌ಗೆ ಮೊದಲು ಗ್ರಾಫೈಟ್ ಹಾಕಿದೆ. ಲೀಟರ್ ಡಿಸ್ಟಿಲ್ಡ್ ನೀರಿಗೆ 50 ಮಿಲಿಗ್ರಾಂ ಪ್ಯಾರಸಿಟಮಾಲ್, ಕರೆಂಟ್ ಹರಿಯಲಿ ಅಂತ 7.1 ಗ್ರಾಂ ಸೋಡಿಯಂ ಸಲ್ಫೇಟ್. ಸ್ವಲ್ಪ ಹೊತ್ತಿಗೆ ತಿಳಿನೀರು ನಸು ಹಳದಿಯಾಯಿತು. ಔಷಧಿ ಪೂರ್ತಿ ಒಡೆಯದೆ ಕ್ವಿನೋನ್ ಅನ್ನೋ ನಡುಹಂತದ ವಸ್ತುವಾಗಿ ನಿಂತರೆ ಬರುವ ಬಣ್ಣ ಅದು. ಜೊತೆಗೆ ಬೀಕರಿನ ತಳದಲ್ಲಿ ಗ್ರಾಫೈಟ್ ಸವೆದು ಬಿದ್ದ ಕರಿ ಪುಡಿ.

ಆಮೇಲೆ ರುಥೇನಿಯಂ ಆಕ್ಸೈಡ್ ಲೇಪಿಸಿದ ಟೈಟಾನಿಯಂ ಜಾಲರಿ ಸಿಕ್ಕಿತು. ಈ ಸಲ ಹಾಸ್ಟೆಲ್ಲಿನ ಬೋರ್ ನೀರು ತಗೊಂಡೆ. ಹತ್ತು ನಿಮಿಷಕ್ಕೊಂದು ಸ್ಯಾಂಪಲ್ ತೆಗೆದು, ನೀರು ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರದಲ್ಲಿ 243 ನ್ಯಾನೋಮೀಟರ್‌ನಲ್ಲಿ ನೋಡಿದರೆ ಪ್ಯಾರಸಿಟಮಾಲ್ ಪೀಕ್ (ಔಷಧಿ ಬೆಳಕು ಹೀರುವುದನ್ನು ತೋರಿಸುವ ಗ್ರಾಫಿನ ಶಿಖರ) ಸರಸರ ಇಳಿಯುತ್ತಿತ್ತು! ಖುಷಿಯಿಂದ ಗ್ರಾಫ್ ಹಿಡಿದು ಮೇಡಂ ಹತ್ತಿರ ಓಡಿದೆ.

"ಪೀಕ್ ಹೋಯ್ತು ಸರಿ ಕಣಮ್ಮ, ಔಷಧಿ ಎಲ್ಲಿ ಹೋಯ್ತು?" ಅಂದರು.

ಬೀಕರ್ ಹತ್ತಿರ ಮೂಗು ತಂದರೆ ಬ್ಲೀಚಿಂಗ್ ಪೌಡರ್ ವಾಸನೆ. ಬೋರ್ ನೀರಿನ ಉಪ್ಪಿನಂಶವಾದ ಕ್ಲೋರೈಡ್ ಆನೋಡ್‌ನಲ್ಲಿ ಕ್ಲೋರಿನ್ ಆಗಿ ಔಷಧಿಯನ್ನು ಹಿಡಿಯುತ್ತಿತ್ತು. ಅಣು ಮುರಿಯುತ್ತದೆ, ನಿಜ. ಆದರೆ ಕ್ಲೋರಿನ್ ಅಂಟಿಕೊಂಡ ಚೂರುಗಳು ನೀರಿನಲ್ಲೇ ಉಳಿಯಬಹುದು. ಸಿಒಡಿ, ಅಂದರೆ ನೀರಿನಲ್ಲಿ ಉಳಿದ ಸಾವಯವ ವಸ್ತುವನ್ನು ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕು ಅಂತ ಅಳೆಯುವ ಪರೀಕ್ಷೆ, ಮಾಡಿ ನೋಡಿದೆ. ಕ್ಲೋರೈಡ್ ಅಡ್ಡ ಬರದ ಹಾಗೆ ಮರ್ಕ್ಯೂರಿಕ್ ಸಲ್ಫೇಟ್ ಹಾಕಿದ್ದೆ. ಅರ್ಧದಷ್ಟೂ ಇಳಿದಿರಲಿಲ್ಲ. ಇನ್ನೊಂದು ತಪ್ಪೂ ಸಿಕ್ಕಿತು. ಸ್ಯಾಂಪಲ್‌ಗಳನ್ನು ಹಾಗೇ ಇಟ್ಟು ಊಟಕ್ಕೆ ಹೋಗುತ್ತಿದ್ದೆ. ಟ್ಯೂಬಿನಲ್ಲಿ ಉಳಿದ ಕ್ಲೋರಿನ್ ತನ್ನ ಕೆಲಸ ನಿಲ್ಲಿಸುತ್ತದಾ? ಎರಡು ವಾರದ ರೀಡಿಂಗ್ ಬಿಟ್ಟು, ತೆಗೆದ ಕೂಡಲೇ ಕ್ಲೋರಿನ್ನನ್ನು ಸುಮ್ಮನಾಗಿಸುವ ಥಯೋಸಲ್ಫೇಟ್ ಹಾಕಿ ಮೊದಲಿಂದ ಮಾಡಿದೆ. ಥಯೋಸಲ್ಫೇಟ್ ಸಿಒಡಿಯನ್ನು ಏರಿಸುತ್ತದೆ, ಅದಕ್ಕೆ ಬೇರೆ ಸ್ಯಾಂಪಲ್ಲೇ ಇಡಬೇಕು.

ಕ್ಯಾಥೋಡ್ ಕಥೆ ಬೇರೆ. ನೀರು ಕಾಯಿಸುವ ಹಂಡೆಗೆ ಕಟ್ಟುತ್ತದಲ್ಲ, ಅದೇ ಬಿಳಿ ಪೊರೆ ತಗಡಿನ ಮೇಲೆ. ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಏಳುತ್ತಿತ್ತು. ಕ್ಯಾಥೋಡ್ ಪಕ್ಕ ನೀರು ಕ್ಷಾರವಾಗುವುದರಿಂದ ಗಡಸು ನೀರಿನ ಸುಣ್ಣದ ಅಂಶ ಅಲ್ಲೇ ಕೂರುತ್ತದೆ. ಪೊರೆ ದಪ್ಪವಾದಷ್ಟೂ ಅದೇ ಕರೆಂಟಿಗೆ ವೋಲ್ಟೇಜ್ ಏರುತ್ತದೆ. ಪ್ರತಿ ರನ್ ಆದಮೇಲೆ ವಿನೆಗರ್‌ನಲ್ಲಿ ನೆನೆಸಿ ತೊಳೆಯುತ್ತಿದ್ದೆ.

ಬೋರಾನ್ ಸೇರಿಸಿದ ವಜ್ರದ ಆನೋಡ್ ಇದ್ದರೆ ಅದರ ಮೇಲೆ ಸಿಕ್ಕಿದ್ದನ್ನೆಲ್ಲ ಒಡೆಯುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿ ಔಷಧಿಯನ್ನು ಇಂಗಾಲದ ಡೈಆಕ್ಸೈಡ್‌ವರೆಗೂ ಒಡೆಯಬಲ್ಲದು. ಅದರ ಬೆಲೆ ನಮ್ಮ ಕೈಗೆ ಎಟುಕಲಿಲ್ಲ.

ಕಾಲು ಲೀಟರ್ ನೀರಿಗೆ 6 ವೋಲ್ಟ್, ಅರ್ಧ ಆಂಪಿಯರ್, ಎರಡು ಗಂಟೆ. ಲೆಕ್ಕ ಹಾಕಿದರೆ ಸಾವಿರ ಲೀಟರಿಗೆ 24 ಯೂನಿಟ್. ಊರಿನ ಕೊಳಚೆ ನೀರಿಗೆಲ್ಲ ಇದನ್ನು ಹಚ್ಚೋಕಾಗಲ್ಲ. ಆಸ್ಪತ್ರೆಯ ಪೈಪಿನ ಬಾಯಲ್ಲಿ, ಒಳಚರಂಡಿಗೆ ಸೇರುವ ಮೊದಲೇ ಹಿಡಿಯಬೇಕು. ಅಲ್ಲಿ ನೀರು ಕಡಿಮೆ, ಔಷಧಿ ಜಾಸ್ತಿ.