ದೊಡ್ಡ ವ್ಯಾನ್ ತಗೊಳ್ಳೋ ಮೊದಲು ಆರ್‌ಸಿಯಲ್ಲಿ ಈ ಎರಡು ತೂಕ ನೋಡಿ

ಮಂಡ್ಯ, ಮದ್ದೂರು ಕಡೆಯಿಂದ ಮೈಸೂರಿಗೆ ಸರಕು ಹೊಡೆಯಲು ದೊಡ್ಡ ವ್ಯಾನ್ ನೋಡುತ್ತಿರುವವರಿಗೆ ಒಂದು ಮಾತು. ಒಳಗಿನ ಜಾಗ ನೋಡಿ ಮರುಳಾಗಬೇಡಿ. ಆರ್‌ಸಿಯಲ್ಲಿ ಗಾಡಿಯ ಖಾಲಿ ತೂಕ, ಲೋಡ್ ಸೇರಿದ ಒಟ್ಟು ತೂಕ ಎರಡೂ ಇರುತ್ತವೆ. ಒಟ್ಟು 3,500 ಕೆಜಿ, ಖಾಲಿ 2,200 ಕೆಜಿ ಅಂದುಕೊಳ್ಳಿ. ಉಳಿಯುವುದು 1,300. ಅದರಲ್ಲಿ ಡ್ರೈವರ್, ಹುಡುಗ ಇಬ್ಬರ ತೂಕವನ್ನೂ ಕಳೆಯಬೇಕು.

ಬೆಲ್ಲ ಸಾಗಿಸುವವರು ಇದನ್ನು ಮರೆಯಲೇಬೇಡಿ. ವ್ಯಾನ್ ಅರ್ಧ ತುಂಬುವ ಮೊದಲೇ ತೂಕ ಮುಗಿದಿರುತ್ತದೆ. ರೇಷ್ಮೆಗೂಡು ಹಾಗಲ್ಲ, ತೂಕ ಕಡಿಮೆ, ಜಾಗ ಜಾಸ್ತಿ ಬೇಕು. ಅಂಥವರಿಗೆ ಎತ್ತರದ ಛಾವಣಿಯ ಗಾಡಿಯೇ ಸರಿ. ಒಳಗೆ ನಿಂತು ಕೆಲಸ ಮಾಡಬಹುದು, ಸೊಂಟವೂ ಉಳಿಯುತ್ತದೆ.

ಒಮ್ಮೆ ಆಲೆಮನೆಯಿಂದ ಬರುವಾಗ ಬೆಲ್ಲವನ್ನೆಲ್ಲ ಹಿಂಬಾಗಿಲ ಹತ್ತಿರವೇ ಪೇರಿಸಿದ್ದೆ. ಸ್ಟೀರಿಂಗ್ ಹಗುರವಾಗಿ, ಗಾಡಿ ರಸ್ತೆ ಬಿಟ್ಟು ತೇಲಿದ ಹಾಗಾಯಿತು. ತುಂಬಾ ಹೆದರಿದ್ದೆ. ಭಾರವಾದ ಸರಕು ಹಿಂದಿನ ಚಕ್ರಕ್ಕಿಂತ ಮುಂದೆ, ಕೆಳಗೆ ಇರಲಿ. ಹಗ್ಗದಿಂದ ಬಿಗಿಯಾಗಿ ಕಟ್ಟಿ. ಲೋಡ್ ಇದ್ದಾಗ ಟೈರ್‌ಗೆ ಎಷ್ಟು ಗಾಳಿ ಅನ್ನುವುದನ್ನು ಗಾಡಿಯ ಪುಸ್ತಕದಲ್ಲೇ ನೋಡಿ, ಅಂದಾಜಿಗೆ ಹಾಕಿಸಬೇಡಿ.

ಸಂತೇಪೇಟೆಯಂಥ ಇಕ್ಕಟ್ಟಿನ ಕಡೆ ಹಿಂಬಾಗಿಲು ತೆಗೆಯಲು ಜಾಗ ಎಲ್ಲಿ ಸಿಗುತ್ತೆ, ಅಲ್ವಾ? ಪಕ್ಕಕ್ಕೆ ಜಾರುವ ಬಾಗಿಲು ಇರುವುದನ್ನೇ ಕೇಳಿ.

ಲೈಸೆನ್ಸ್ ಬಗ್ಗೆ: ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.