ದಾರಂದದ ಪಟ್ಟಿಯಲ್ಲಿ 46 ತೂತು

ನೀರ್ಚಾಲು ಹತ್ತಿರದ ನಮ್ಮ ಮನೆ ಹಳೆಯದು, ಮುರಕಲ್ಲಿನದ್ದು. ದಾರಂದಕ್ಕೂ, ಅಂದರೆ ಬಾಗಿಲು ಕಿಟಕಿಗಳ ಮರದ ಚೌಕಟ್ಟಿಗೂ, ಗೋಡೆಯ ಗಾರೆಗೂ ನಡುವೆ ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಅದನ್ನು ಮುಚ್ಚಲಿಕ್ಕೆ ನಮ್ಮ ತೋಟದ್ದೇ ಹಲಸಿನ ಮರದಿಂದ ಮೂರು ಇಂಚು ಅಗಲ, 20 ಮಿಲಿಮೀಟರ್ ದಪ್ಪದ ಪಟ್ಟಿ ಸೀಳಿಸಿ ಸುತ್ತ ಹೊಡೆಸಿದೆವು. ಆಣಿ ಹೊಡೆದರೆ ಗಾರೆ ಉದುರುತ್ತದೆ, ಹಾಗಾಗಿ ಗೋಡೆಗೆ ಡ್ರಿಲ್ ಮಾಡಿ ಸ್ಕ್ರೂ. ಎರಡು ಬಾಗಿಲು, ನಾಲ್ಕು ಕಿಟಕಿ, ಒಟ್ಟು 46 ಸ್ಕ್ರೂ. ತಲೆಗಳೆಲ್ಲ ಹೊರಗೇ ಕಾಣುತ್ತಿದ್ದವು. "ಪುಟ್ಟಿ ಹಾಕಿದ್ರೆ ಗೊತ್ತೇ ಆಗುವುದಿಲ್ಲ" ಎಂದು ಹೇಳಿ ಕೆಲಸದವರು ಹೋದರು.

ನಾನೂ ನಂಬಿದೆ. ಡಬ್ಬಿಯ ಪುಟ್ಟಿ ತಂದು ತುಂಬಿದೆ, ಉಜ್ಜಿದೆ, ಮೇಲೆ ಪಾಲಿಶ್ ಕೊಟ್ಟೆ. ಎರಡು ತಿಂಗಳು ಚೆನ್ನಾಗಿಯೇ ಇತ್ತು. ನಮ್ಮ ಕಾಸರಗೋಡಿನ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಮನೆಯೊಳಗಿನ ಉಪ್ಪೂ ನೀರಾಗುತ್ತದೆ. ಮರ ಉಬ್ಬಿತು, ಮಳೆ ಹೋದ ಮೇಲೆ ಮತ್ತೆ ಕುಗ್ಗಿತು, ಪುಟ್ಟಿ ಮಾತ್ರ ಇದ್ದಲ್ಲೇ ಇತ್ತು. ದೀಪಾವಳಿ ಹೊತ್ತಿಗೆ ಪ್ರತಿ ತೂತಿನ ಸುತ್ತ ಕೂದಲೆಳೆಯ ಬಿರುಕು. ಹಲಸು ಕಂದು ಬಣ್ಣಕ್ಕೆ ತಿರುಗುತ್ತಿತ್ತು, ಪುಟ್ಟಿ ಬೆಳ್ಳಗೆ ಉಳಿದಿತ್ತು. ಊಟಕ್ಕೆ ಬಂದ ಭಾವ ಬಾಗಿಲು ನೋಡಿ, "ಎಂತ ಮಾರಾಯಾ, ಬಾಗಿಲಿಗೆ ಸಿಡುಬು ಬಂದಿತ್ತಾ?" ಎಂದ.

ಆಮೇಲೆ ಫೆವಿಕಾಲಿಗೆ ಅದೇ ಮರದ ಹುಡಿ ಕಲಸಿ ಹಾಕಿ ನೋಡಿದೆ, ಸುಮಾರು ಜನ ಹೇಳುವ ಉಪಾಯ. ಒಂದು ಕಿಟಕಿ ಮುಗಿಸುವಷ್ಟರಲ್ಲೇ ಸಾಕಾಗಿ ಹೋಯಿತು. ಗೋಂದು ಒಣಗಿದ ಮೇಲೆ ಅದು ಪಾಲಿಶನ್ನು ಹೀರುವುದಿಲ್ಲ, ಬಣ್ಣವೇ ಬೇರೆ ಕಾಣುತ್ತದೆ. ಪೇಂಟ್ ಹೊಡೆಯುವ ಮರವಾದರೆ ಪುಟ್ಟಿಯೂ ನಡೆಯುತ್ತದೆ, ಇದೂ ನಡೆಯುತ್ತದೆ. ಮರವೇ ಕಾಣಬೇಕಾದರೆ ಮರದ ತೂತಿಗೆ ಮರದ್ದೇ ಬಿರಡೆ, ಅಂದರೆ ಬಿಗಿಯಾಗಿ ಕೂರುವ ಉರುಟು ತುಂಡು ಹಾಕಬೇಕು, ಬೇರೆ ದಾರಿ ನನಗಂತೂ ಸಿಗಲಿಲ್ಲ.

ಬಿರಡೆ ಅಂದಾಗ ಮೊದಲು ಅಂಗಡಿಯ ಉರುಟು ಕಡ್ಡಿ ತಂದು ತುಂಡು ಮಾಡಿ ಬಡಿದೆ. ತಪ್ಪು. ಕಡ್ಡಿಯ ಕೊಯ್ದ ತುದಿ ಮೇಲೆ ಬರುತ್ತದೆ, ಅದು ಪಾಲಿಶನ್ನು ಸಿಕ್ಕಾಪಟ್ಟೆ ಕುಡಿದು ಕಪ್ಪಾಗುತ್ತದೆ. ಬಿರಡೆಯನ್ನು ಹಲಗೆಯ ಮುಖದಿಂದಲೇ ಕೊರೆದು ತೆಗೆಯಬೇಕು, ಆಗ ಅದರ ಎಳೆ ಪಟ್ಟಿಯ ಎಳೆಯ ಜೊತೆ ಒಂದೇ ದಿಕ್ಕಿಗೆ ಕೂರುತ್ತದೆ. ಇದಕ್ಕೆ ಪ್ಲಗ್ ಕಟ್ಟರ್ ಎಂಬ ಬಿಟ್ ಸಿಗುತ್ತದೆ, ನಾನು ಮಂಗಳೂರಿನಿಂದ 10 ಮಿಲಿಮೀಟರಿನದ್ದು ತಂದೆ. ಕೈಯಲ್ಲಿ ಡ್ರಿಲ್ ಹಿಡಿದರೆ ಅದು ಹಲಗೆ ಮೇಲೆ ಓಡಾಡುತ್ತದೆ. ಪ್ಲೈವುಡ್ ತುಂಡಿಗೆ ಕಟ್ಟರಿನ ಹೊರಗಿನ ಅಳತೆಗೆ ಸರಿಯಾಗಿ ಒಂದು ತೂತು ಕೊರೆದು, ಅದನ್ನು ಹಲಗೆಯ ಮೇಲೆ ಕ್ಲ್ಯಾಂಪ್ ಮಾಡಿಟ್ಟರೆ ಅಲುಗುವುದಿಲ್ಲ.

ನಿಜವಾದ ತಲೆನೋವು ಹಳೆಯ ತೂತುಗಳದ್ದು. ಸ್ಕ್ರೂ ಬಿಚ್ಚಿ ತೂತಿನ ಬಾಯಿಯನ್ನು 10 ಮಿಲಿಮೀಟರಿಗೆ ಅಗಲ ಮಾಡಬೇಕು, ಆದರೆ ನಡುವೆ ಆಗಲೇ ಖಾಲಿ, ಬಿಟ್ಟಿನ ಮೊನೆಗೆ ಕಚ್ಚಲು ಏನೂ ಇಲ್ಲ. ಮೊದಲನೆಯದರಲ್ಲೇ ಬಿಟ್ ಜಾರಿ ಅಂಚು ಹರಿಯಿತು. ಆಮೇಲೆ ಪ್ರತಿ ತೂತಿಗೂ ಮೊನೆ ಹೆರೆದ ಕಡ್ಡಿ ಬಡಿದು ತುಂಬಿ, ಅದರ ನಡುವಿಗೆ ಬಿಟ್ ಇಟ್ಟು ಕೊರೆದೆ. ಆಳ 8 ಮಿಲಿಮೀಟರ್, ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿದ್ದೆ. ಸ್ಕ್ರೂ ತಲೆಯ ಅಡಿಗೆ 12 ಮಿಲಿಮೀಟರ್ ಮರ ಉಳಿಯುತ್ತದೆ, ಅಷ್ಟು ಹಿಡಿತ ಸಾಕು. ಹಳೆಯ ಕಬ್ಬಿಣದ ಸ್ಕ್ರೂಗಳ ಸುತ್ತ ಕಪ್ಪು ಉಂಗುರ ಬಿದ್ದಿತ್ತು, ಹಾಗಾಗಿ ಎಲ್ಲವನ್ನೂ ಬಿಸಾಡಿ ತುಕ್ಕು ಹಿಡಿಯದ ಸ್ಟೀಲಿನದ್ದು ಹಾಕಿದೆ.

ಇಷ್ಟೆಲ್ಲ ಮಾಡಿದ್ದು ಫೆಬ್ರವರಿಯಲ್ಲಿ. ಬಿರಡೆಗಳನ್ನು ವಾರ ಮೊದಲೇ ಕೊರೆದು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಚೆನ್ನಾಗಿ ಒಣಗಿಸಿದ್ದೆ. ಒಣಗಿದ ಬಿರಡೆ ಮಳೆಗಾಲಕ್ಕೆ ಉಬ್ಬಿ ಇನ್ನೂ ಬಿಗಿಯಾಗುತ್ತದೆ, ಹಸಿಯದ್ದು ಹಾಕಿದರೆ ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಗೋಂದನ್ನು ತೂತಿನ ಗೋಡೆಗೆ ಮಾತ್ರ ತೆಳುವಾಗಿ ಸವರಿದೆ. ಅಡಿಯಲ್ಲಿ ನಿಂತರೆ ಅದು ಬಿರಡೆಯನ್ನೇ ಮೇಲೆ ತಳ್ಳುತ್ತದೆ, ಹೊರಗೆ ಹರಿದರೆ ಆ ಜಾಗ ಪಾಲಿಶ್ ಹಿಡಿಯುವುದಿಲ್ಲ.

ಮರುದಿನ, ಮೇಲೆ ಎದ್ದು ನಿಂತ ಬಿರಡೆಗಳನ್ನು ಉಳಿಯಿಂದ ಮಟ್ಟ ಮಾಡುವಾಗ ಮೂರು ಹಾಳಾದವು. ಬುಡಕ್ಕೇ ಉಳಿ ಇಟ್ಟು ಒಂದೇ ಪೆಟ್ಟಿಗೆ ಹಾರಿಸಲು ಹೋದೆ, ಎಳೆ ಇಳಿಜಾರಿದ್ದ ಕಡೆಗೆ ಸೀಳಿ ಮೇಲ್ಮೈಗಿಂತ ಕೆಳಗೆ ಹೋಯಿತು. ಪಕ್ಕದ ಮನೆಗೆ ಕೆಲಸಕ್ಕೆ ಬಂದಿದ್ದ ವಯಸ್ಸಾದ ಆಚಾರಿಯೊಬ್ಬರು ನೋಡಿ ನಕ್ಕರು. "ಮೊದಲು ಮೇಲಿಂದ ಸ್ವಲ್ಪ ತೆಗೆದು ನೋಡಿ, ಅದು ಯಾವ ಕಡೆಗೆ ಇಳಿಯುತ್ತದೆ ಅಂತ. ಮತ್ತೆ ಎದುರು ಕಡೆಯಿಂದ ಬನ್ನಿ" ಎಂದರು. ಮತ್ತೆ ಒಂದೂ ಹೋಗಲಿಲ್ಲ. ಹೋದ ಮೂರನ್ನು ತೆಗೆಯಲು ಅವುಗಳ ನಡುವೆ ಸಣ್ಣ ತೂತು ಕೊರೆದು ಒಂದು ಸ್ಕ್ರೂ ತಿರುಗಿಸಿದೆ. ಅದು ಅಡಿಯ ಸ್ಕ್ರೂ ತಲೆಗೆ ತಾಗಿ ಬಿರಡೆಯನ್ನು ತಾನಾಗಿ ಮೇಲೆತ್ತಿತು.

ಹಲಸಿನ ಬಣ್ಣದ್ದು ಬೇರೆಯೇ ಕಥೆ. ಅದೇ ಮರದ ಹಳೇ ತುಂಡಿನಿಂದ ಕೊರೆದರೂ ಮಟ್ಟ ಮಾಡಿದ ಮೇಲೆ ಬಿರಡೆ ಅರಶಿನದ ಹಾಗೆ ಹಳದಿ. ಕಂದು ಬರುವುದು ಗಾಳಿ ಬೆಳಕು ತಾಗಿದ ಮೇಲ್ಪದರಕ್ಕೆ ಮಾತ್ರ, ಒಳಗೆ ಹೊಸದೇ ಅಲ್ವಾ. ಭಾವ ಹೇಳಿದ ಅಂತ ಎರಡು ಬಿರಡೆಗೆ ಕಣ್ಣು ಚಹಾ, ಅಂದರೆ ಹಾಲು ಹಾಕದ ಚಹಾ ಬಳಿದೆ. ಅವು ಅವತ್ತು ಸರಿಯಾಗಿದ್ದವು, ಈಗ ಉಳಿದವಕ್ಕಿಂತ ಜಾಸ್ತಿ ಕಪ್ಪು. ಮಿಕ್ಕ ಪಟ್ಟಿಗಳನ್ನು ಪೂರ್ತಿಯಾಗಿ ಉಜ್ಜಿ ಎಲ್ಲವನ್ನೂ ಹಳದಿ ಮಾಡಿ ಪಾಲಿಶ್ ಕೊಟ್ಟೆ. ಬಿರಡೆ, ಪಟ್ಟಿ ಎರಡೂ ಒಟ್ಟಿಗೇ ಕಂದಾದವು. ಈಗ ತೂತು ಎಲ್ಲಿತ್ತು ಎಂದು ನಾನೇ ಹುಡುಕಬೇಕು.

ಚಾವಡಿ ಬಾಗಿಲಿನ ಒಂದು ಪಟ್ಟಿಯ ಹಿಂದೆ ಕರೆಂಟಿನ ವಯರ್ ಉಂಟು, ಬೇಕಾದಾಗ ಬಿಚ್ಚಲಿಕ್ಕೆ ಆಗಲಿ ಎಂದು ಅದಕ್ಕೆ ಮಾತ್ರ ಬಿರಡೆ ಹಾಕಲಿಲ್ಲ. ಐದು ಹಿತ್ತಾಳೆ ಸ್ಕ್ರೂ, ತಲೆ ಹೊರಗೇ.